ಬೆಕ್ಕಿಗೆ ಹಾಲನ್ನ ಸಾಕೆ?

(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಮೆಟ್ರಿಕ್‌ವರೆಗೆ ಓದಿ ಗಿರಣಿಯಲ್ಲಿ ಲೆಕ್ಕ ಬರೆಯುವವನು, ಪಶುವೈದ್ಯನಲ್ಲ. ಆದರೂ ಬೆಕ್ಕಿನ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಅಕ್ಕರೆಯಿಂದ ಸಾಕಿದ ಬೆಕ್ಕೊಂದು ನನ್ನ ಅಜ್ಞಾನದಿಂದ ಕಣ್ಣು ಕಳೆದುಕೊಂಡಿತು.

ಒಂದು ಮಳೆಗಾಲದ ರಾತ್ರಿ ಚಾಳಿನ ನನ್ನ ಕೋಣೆಗೆ ಅದು ಮರಿಯಾಗಿ ಬಂದು ಸೇರಿತು. ಪಾಳಿ ಮುಗಿಸಿ ಬಂದು ಬೀಗ ತೆಗೆಯುವಾಗ ಬಾಲವೆತ್ತಿ ಕಾಲಿಗೆ ಮೈಯುಜ್ಜುವ ಜೀವವೊಂದಿದ್ದರೆ ಎಷ್ಟು ಹಿತವೆಂಬುದನ್ನು ಊರು ಬಿಟ್ಟು ಬಂದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಸಸ್ಯಾಹಾರದ ಮನೆತನ. ನಾನು ಉಂಡದ್ದನ್ನೇ ಅದಕ್ಕೂ ಹಾಕಿದೆ: ಹಾಲನ್ನ, ಮೊಸರನ್ನ. ಮೂರನೆಯ ವರುಷ ಅದು ಬಾಗಿಲ ಚೌಕಟ್ಟಿಗೆ ತಲೆ ತಾಕಿಸಿಕೊಳ್ಳತೊಡಗಿತು. ಪಶುವೈದ್ಯರು ನೋಡಿ, “ಹೋದ ದೃಷ್ಟಿ ಇನ್ನು ಮರಳದು” ಎಂದರು.

ಬೆಕ್ಕಿನ ಕಣ್ಣು ಸಾಮಾನ್ಯವಾದುದಲ್ಲ. ನಮಗೆ ಬೇಕಾಗುವ ಬೆಳಕಿನ ಸುಮಾರು ಆರನೆಯ ಒಂದು ಪಾಲು ಅದಕ್ಕೆ ಸಾಕು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದ್ದು, ಬಂದ ಬೆಳಕನ್ನು ಮತ್ತೊಮ್ಮೆ ಹಾಯಿಸುತ್ತದೆ. ರಾತ್ರಿ ಅದರ ಕಣ್ಣು ಹೊಳೆಯುವುದು ಇದರಿಂದಲೇ. ಸೆಕೆಂಡಿಗೆ 20,000 ಕಂಪನ ಮೀರಿದ ಸದ್ದು ನಮಗೆ ಕೇಳದು. ಬೆಕ್ಕಿಗೆ 60,000 ಕಂಪನದ ಸದ್ದೂ ಕೇಳುತ್ತದೆ. ಬಿಲದೊಳಗಿನ ಇಲಿಮರಿಯ ಸಣ್ಣ ಚೀರು ಅದರ ಕಿವಿಗೆ ಬೀಳುತ್ತದೆ. ಸಿಹಿಯ ರುಚಿ ಮಾತ್ರ ಅದಕ್ಕೆ ತಿಳಿಯದು. ಇದರ ಕಾರಣವನ್ನು ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದರು. ಅದರ ಇಡೀ ದೇಹ ಬೇಟೆಗೆ, ಮಾಂಸಕ್ಕೆ ಹೊಂದಿಕೊಂಡದ್ದು.

ಟಾರಿನ್ ಎಂಬ ಸತ್ತ್ವವನ್ನು ನಮ್ಮ ದೇಹ ತಾನೇ ಮಾಡಿಕೊಳ್ಳುತ್ತದೆ. ಬೆಕ್ಕಿನ ದೇಹ ಸಾಕಷ್ಟು ಮಾಡಿಕೊಳ್ಳಲಾರದು. ಅದು ಮೀನು ಮಾಂಸಗಳಲ್ಲಿದೆ, ಅನ್ನದಲ್ಲಿಲ್ಲ. ಇದು ಕಡಿಮೆಯಾದರೆ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯವೂ ಸೋಲುವುದೆಂದು 1987ರಲ್ಲಿಯೂ ತಿಳಿದುಬಂತು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ, ಭೇದಿಯಾಗುತ್ತದೆ. ಹಾಲು ಕಂಡು ಓಡಿದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಗೆ ನಾವೆಲ್ಲ ನಕ್ಕವರೇ!

ಇನ್ನು ನಮ್ಮ ವಾಚನಾಲಯದ ಚಿನ್ನಿಯ ಮಾತು. ಅವಳು ಬಂದ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳಿಗೆ ಇಲಿಕಾಟ ತಪ್ಪಿದೆ. ನೀವೆಲ್ಲ ಅವಳಿಗೆ ಬಿಸ್ಕತ್ತು, ಹಾಲು ಹಾಕುತ್ತೀರಿ. ಅದರ ಬದಲು ಬಟ್ಟಲಲ್ಲಿ ಶುದ್ಧ ನೀರಿಡಿ. ಕರಾವಳಿಯ ಗೆಳೆಯರು ಉಪ್ಪುಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು ತರಲಿ. ಮಿಕ್ಕವರು ಸ್ವಲ್ಪ ಸ್ವಲ್ಪ ಹಣ ಕೂಡಿಸಿ ಬೆಕ್ಕಿಗೆಂದೇ ತಯಾರಿಸಿದ ಆಹಾರ ಕೊಳ್ಳೋಣ. ಪುಸ್ತಕದ ಕಪಾಟಿನಲ್ಲಿ ನುಸಿಗುಳಿಗೆ ಬೇಡ. ಅದು ಬೆಕ್ಕಿಗೆ ವಿಷ. ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಪ್ರಾಣವೇ ಹೋದೀತು. ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸೋಣ. ಯಾರಿಗಾದರೂ ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ನನ್ನ ಬೆಕ್ಕು ಈಗಲೂ ಇದೆ. ಅದಕ್ಕಾಗಿ ನೆರೆಮನೆಯವರಿಂದ ಮೀನು ಕೇಳಿ ತರುತ್ತೇನೆ. ಮೊದಮೊದಲು ಕೈ ಹಿಂಜರಿಯಿತು. ನನ್ನ ಆಚಾರ ನನ್ನ ತಟ್ಟೆಗೆ ಸಾಕು ಎಂದು ಮನಸ್ಸಿಗೆ ಹೇಳಿಕೊಂಡೆ. ಬೀಗದ ಸದ್ದು ಕೇಳಿದೊಡನೆ ಅದು ಮೀಸೆಯಿಂದ ಗೋಡೆಯನ್ನು ತಡವುತ್ತ ಬಾಗಿಲಿಗೆ ಬರುತ್ತದೆ. ಚಿನ್ನಿಗೆ ಆ ಗತಿ ಬಾರದಿರಲಿ.