ಮಗಳನ್ನ ಶಾಲೆ ಬಿಡಿಸಿ ಮನ್ಯಾಗ ಕಲಿಸಬಹುದಾ?

ನಾನು ಮಾತಾಡ್ತಿರೋದು ರಬಕವಿ-ಬನಹಟ್ಟಿಯಿಂದ. ನಮ್ಮ ಮನ್ಯಾಗ ಎರಡು ಪವರ್‌ಲೂಮ್ ಅದಾವ. ನಿಮಗೆ ನನ್ನ ಧ್ವನಿ ಕೇಳಲಿ ಅಂತ ಬಂದ್ ಮಾಡಿಸಿ ಕೂತೀನಿ, ನಮ್ಮ ಯಜಮಾನ್ರು ಗಡಿಯಾರ ನೋಡ್ಕೋತ ನಿಂತಾರ.

ನನ್ನ ಮಗಳಿಗೆ 8 ವರ್ಷ. ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗ್ತಾಳ. ಅಲ್ಲಿ ಕ್ಲಾಸಿನಲ್ಲಿ ಕನ್ನಡ ಮಾತಾಡಿದ್ರೆ ಎಬ್ಬಿಸಿ ನಿಲ್ಲಿಸ್ತಾರ. ಇಂಗ್ಲಿಷ್ ಇನ್ನೂ ಬರಲ್ಲ, ಕನ್ನಡ ಆಡೋ ಹಂಗಿಲ್ಲ. ಕಡೀಕ ಆಕಿ ಶಾಲೆಯಾಗ ಮಾತೇ ಬಿಟ್ಟಾಳ. ಮನೆಗೆ ಬಂದ್ರೆ ಅಜ್ಜಿ ಜೊತೆ ಬಾಯಿಗೆ ಬಿಡುವಿಲ್ಲ. ಇದನ್ನ ಆರು ತಿಂಗಳು ನೋಡಿ, ಹೋಮ್‌ಸ್ಕೂಲಿಂಗ್ ಅಂದ್ರೇನು ಅಂತ ಮೊಬೈಲ್‌ನಲ್ಲಿ ಹುಡುಕಾಕ ಶುರು ಮಾಡಿದೆ.

ಮೊದಲು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳನ್ನ ಶಾಲೆಗೆ ಸೇರಿಸೋದು ಪಾಲಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳ್ತದ. ಸೇರಿಸದ ತಂದೆ-ತಾಯಿಗೆ ದಂಡ, ಜೈಲು ಅಂತ ಆ ಕಾಯ್ದೆಯೊಳಗ ಬರೆದಿಲ್ಲ. ಹಂಗಂತ ಮನ್ಯಾಗ ಕಲಿಸ್ರಿ ಅಂತಲೂ ಬರೆದಿಲ್ಲ. ದಾರಿ ಇರೋದು ಎನ್‌ಐಒಎಸ್‌ನಲ್ಲಿ, ಅಂದ್ರ ಕೇಂದ್ರ ಸರ್ಕಾರ 1989ರಲ್ಲಿ ಶುರು ಮಾಡಿದ ಮುಕ್ತ ಶಾಲೆ. ಅದರಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ. 14 ವರ್ಷ ತುಂಬಿದ ಮೇಲೆ ಹತ್ತನೇ ಪರೀಕ್ಷೆ ಕಟ್ಟಬಹುದು. ಸರ್ಟಿಫಿಕೇಟ್ ಇಲ್ಲದಿದ್ರೆ ಏನಾಗ್ತದ ಅಂತೀರಾ? ಮುಂಬೈನಲ್ಲಿ ಶಾಲೆ ಬಿಟ್ಟು ಮನ್ಯಾಗ ಕಲಿತ ಹುಡುಗಿ ಒಬ್ಬಾಕಿ 2016ರಲ್ಲಿ ಅಮೆರಿಕದ ಎಂಐಟಿಗೆ ಹೋದ್ಳು. ನಮ್ಮ ಐಐಟಿಗೆ ಮಾತ್ರ ಹೋಗೋ ಹಂಗಿರಲಿಲ್ಲ, ಹನ್ನೆರಡನೇ ತರಗತಿ ಪಾಸಾಗಿರಲಿಲ್ಲ ಅಂತ.

ಇಷ್ಟು ತಿಳಿದು ಖುಷಿಯಲ್ಲಿದ್ದಾಗ ಪಕ್ಕದ ಮನೆ ಅವ್ವ ಒಂದು ಮಾತಂದ್ರು. "ಚಲೋ ಆತು ಬಿಡವಾ, ಹೆಣ್ಮಗಳು, ಕಂಡಿಕಿ ಸುತ್ತಾಕ ಒಂದು ಕೈ ಆಗ್ತದ." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರ ನನಗ ಅವತ್ತು ರಾತ್ರಿ ನಿದ್ದಿ ಬರಲಿಲ್ಲ.

ಬೆಂಗಳೂರಾಗ ಮಗು ಮನ್ಯಾಗ ಅದ ಅಂದ್ರ ಹೋಮ್‌ಸ್ಕೂಲಿಂಗ್. ನಮ್ಮಲ್ಲಿ ಮಗಳು ಮನ್ಯಾಗ ಅದಾಳ ಅಂದ್ರ ಸಾಲಿ ಬಿಡಿಸ್ಯಾರ ಅಂತ ಅರ್ಥ, ಮುಂದಿನ ಪ್ರಶ್ನೆ ವರ ಯಾವಾಗ ನೋಡ್ತೀರಿ ಅಂತ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯೋ ಹಂಗಾಮಿನಲ್ಲಿ ಅಪ್ಪ-ಅವ್ವನ ಜೊತೆ ಹೊಲದಾಗ ಇರೋ ಮಕ್ಕಳನ್ನ ಯಾರೂ ಹೋಮ್‌ಸ್ಕೂಲ್ ಅನ್ನಲ್ಲ. 2016ರ ಬಾಲಕಾರ್ಮಿಕ ತಿದ್ದುಪಡಿ ಪ್ರಕಾರ ಮಗು ಮನೆಯ ಕಸುಬಿಗೆ ಕೈ ಹಚ್ಚಬಹುದು, ಅಪಾಯದ ಕೆಲಸ ಇರಬಾರದು, ಅದೂ ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಾಗ. ಶಾಲೆಯೇ ಇಲ್ಲದ ಮಗುವಿಗೆ "ಶಾಲೆ ಬಿಟ್ಟ ಮೇಲೆ" ಯಾವ ಹೊತ್ತು? ಅತ್ತೀನೋ ಯಜಮಾನ್ರೋ ಕರೆದ ಹೊತ್ತೇ. ದಾರ ಹರಿದಾಗ, "ಒಂದು ನಿಮಿಷ ಬಾರವಾ" ಅಂದಾಗ.

ಬೇಸಿಗೆ ರಜೆಯಾಗ ಪ್ರಯತ್ನ ಮಾಡಿ ನೋಡಿದೆ. ಸೀರೆಯ ಅಳತೆ ಹಿಡಿದು ಗುಣಾಕಾರ ಕಲಿಸಿದೆ, ಫಟಾಫಟ್ ಹಿಡಿದ್ಲು. ಕನ್ನಡ ಕಥೆ ತಾನೇ ಓದ್ತಾಳ. ಆದರ ಮೂರನೇ ವಾರ ಅಂದ್ಲು, "ಅವ್ವಾ, ನನ್ನ ಜೊತೆ ತಪ್ಪು ಮಾಡಾಕ ಯಾರೂ ಇಲ್ಲ." ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಹಿಂಗಾಗಿ ಜೂನ್‌ನಲ್ಲಿ ಆಕಿನ್ನ ನಮ್ಮ ಓಣಿಯ ಸರ್ಕಾರಿ ಕನ್ನಡ ಶಾಲೆಗೆ ಹಾಕೋದು ಅಂತ ಮಾಡೀವಿ. ಅತ್ತಿಗೆ ಸಿಟ್ಟು, ಇಂಗ್ಲಿಷ್ ಹೋತಲ್ಲ ಅಂತ. ಇಂಗ್ಲಿಷ್ ಸಂಜೆ ನಾನೇ ಹೇಳಿಕೊಡ್ತೀನಿ, ಏಳರಿಂದ ಎಂಟು. ಆ ಒಂದು ತಾಸು ಮಗ್ಗ ಬಂದ್ ಇರಬೇಕು ಅಂತ ಯಜಮಾನ್ರ ಜೊತೆ ಕರಾರು ಆಗ್ಯದ. ಅಲ್ಲೂ ಆಕಿ ಬಾಯಿ ಬಿಡಲಿಲ್ಲ ಅಂದ್ರ, ಎನ್‌ಐಒಎಸ್ ಅರ್ಜಿ ನನ್ನ ಮೊಬೈಲ್‌ನಾಗ ಡೌನ್‌ಲೋಡ್ ಆಗೇ ಅದ.