ಸೋಡಾ ಕುಡಿದು ಕಳೆದ ಎರಡು ಗಂಟೆ



ಈ ಉಪನ್ಯಾಸದ ಕರಪತ್ರದಲ್ಲಿ ‘ಹೃದಯಾಘಾತ’ ಎಂದು ಅಚ್ಚಾಗಿದೆ. ನಾನು ಮಾತ್ರ ನಿಂಬೆ ಸೋಡಾದಿಂದ ಶುರುಮಾಡುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದೆ. ಒಂದು ರಾತ್ರಿ ಹನ್ನೊಂದೂವರೆಗೆ ಐವತ್ತು ದಾಟಿದ ರೈತರೊಬ್ಬರನ್ನು ಆಟೋದಲ್ಲಿ ಕರೆತಂದರು. ಅಂಗಿ ಬೆವರಿಗೆ ಮೈಗಂಟಿತ್ತು. “ಏನಿಲ್ಲ ಸಾರ್, ಗ್ಯಾಸ್ಟ್ರಿಕ್ಕು. ಹೊಟ್ಟೆ ಮೇಲೆ ಕಲ್ಲು ಹೇರಿದಂಗೆ ಆಗದೆ” ಎಂದರು. ನೋವು ಶುರುವಾದದ್ದು ಒಂಬತ್ತೂವರೆಗೆ, ಊಟದ ಬೆನ್ನಿಗೇ. ಮೊದಲು ಸೋಡಾ, ಆಮೇಲೆ ಓಮದ ನೀರು, ಆಮೇಲೆ ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ. ಎರಡು ಸಲ ವಾಂತಿಯಾದಾಗ ಪಿತ್ತ ಹೋಯಿತೆಂದು ಮನೆಯವರಿಗೆ ಸಮಾಧಾನ.

ಇಸಿಜಿ ಪಟ್ಟಿ ಹೊರಬಂತು. ಸಮವಾಗಿ ಹರಿಯಬೇಕಾದ ಗೆರೆ ಮೂರು ಕಡೆ ಎತ್ತಿನ ಹಿಣಿಲಿನಂತೆ ಉಬ್ಬಿತ್ತು. ಹೃದಯಾಘಾತ, ಅದೂ ತಳಭಾಗದಲ್ಲಿ.

ಆ ಮನೆಯವರನ್ನು ನಾನು ದೂರಲಾರೆ. ಹೃದಯದ ತಳಭಾಗ ಕೂತಿರುವುದೇ ವಪೆಯ ಮೇಲೆ, ಅದರ ಕೆಳಗೇ ಜಠರ. ಅಲ್ಲಿ ರಕ್ತ ನಿಂತರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಬೀಳುವವರು ಕಡಿಮೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ನೋವೇ ಇರುವುದಿಲ್ಲ, ಬರೀ ಉಬ್ಬಸ, ಸುಸ್ತು. ಕೆಲವು ಹೆಂಗಸರು ಬೆನ್ನುನೋವು, ದವಡೆನೋವು ಎಂದು ಹೇಳಿ ಪಾತ್ರೆ ತೊಳೆದು ಮುಗಿಸುತ್ತಾರೆ.

ಒಳಗೆ ನಡೆಯುವುದೇನು? ಹೃದಯದ ಸ್ನಾಯುವಿಗೆ ರಕ್ತ ಕೊಡುವ ಮುಖ್ಯ ನಾಳಗಳು ಮೂರು. ಅವುಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಸೇರುತ್ತದೆ. ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿ ಕೊನೆಗೊಮ್ಮೆ ನೀರು ನಿಂತಂತೆ ಎಂದು ಬಹಳ ಜನ ಭಾವಿಸಿದ್ದಾರೆ. ಹಾಗಲ್ಲ. ಅದು ಗೋಡೆಯೊಳಗಿನ ಕುರುವಿನಂತೆ. ಮೇಲಿನ ತೆಳುಪೊರೆ ಒಂದು ದಿನ ಬಿರಿಯುತ್ತದೆ, ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ಅರ್ಧ ಮಾತ್ರ ಕಿರಿದಾಗಿದ್ದ ಜಾಗವೂ ಹೀಗೆ ಬಿರಿಯಬಹುದು. ಆದ್ದರಿಂದಲೇ ಹೋದ ವಾರ ಟ್ರೆಡ್‌ಮಿಲ್ ಪರೀಕ್ಷೆ ಪಾಸಾದವರಿಗೂ ಈ ವಾರ ಹೃದಯಾಘಾತವಾಗುವುದುಂಟು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಸಾಲುಗಟ್ಟಿದವರನ್ನು ನೋಡಿ ನನಗೆ ಮರುಕವಾಯಿತು. ನೋವಿಲ್ಲದ ದಿನದ ಇಸಿಜಿ ನಾಳೆಯ ಜಾತಕವಲ್ಲ. ನೋವಿದ್ದಾಗ ತೆಗೆಸಿದ ಪಟ್ಟಿಗೇ ಬೆಲೆ. ಮೊದಲ ಪಟ್ಟಿ ಚೆನ್ನಾಗಿದ್ದು ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ತೆಗೆಯಬೇಕು.

ಹೆಪ್ಪಿನಿಂದ ನಾಳ ಮುಚ್ಚುತ್ತದೆಂಬ ಇಷ್ಟು ಸರಳವಾದ ಸಂಗತಿ ವೈದ್ಯರಿಗೂ ತಡವಾಗಿ ತಿಳಿಯಿತು. ಹೆಪ್ಪು ಕಟ್ಟಿದರೂ ಮನುಷ್ಯ ಬದುಕಬಹುದೆಂದು ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲೇ ಬರೆದಿದ್ದರು. ಆದರೂ ಹೆಪ್ಪು ಕಾರಣವೋ ಪರಿಣಾಮವೋ ಎಂಬ ಜಗಳ 1980ರವರೆಗೆ ನಡೆಯಿತು. ಆ ವರ್ಷ ಡೀವುಡ್ ಎಂಬ ವೈದ್ಯರು ಮತ್ತು ಸಂಗಡಿಗರು, ನೋವು ಶುರುವಾದ ನಾಲ್ಕು ಗಂಟೆಯೊಳಗೆ ಬಂದ 126 ಜನರ ನಾಳಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆದರು. 110 ಜನರಲ್ಲಿ ನಾಳ ಪೂರ್ತಿ ಮುಚ್ಚಿತ್ತು. ಅಲ್ಲಿಯವರೆಗೆ ನಮ್ಮ ಗುರುಗಳ ಕೈಯಲ್ಲಿದ್ದ ಚಿಕಿತ್ಸೆ ಹೆಚ್ಚಾಗಿ ಹಾಸಿಗೆ, ಮಾರ್ಫಿನ್ ಮತ್ತು ಧೈರ್ಯದ ಮಾತು.

ಹೆಪ್ಪೇ ಕಳ್ಳನಾದರೆ ಕರಗಿಸುವ ಮದ್ದು ಆಗಲೇ ಕಪಾಟಿನಲ್ಲಿತ್ತು. 1933ರಲ್ಲಿ ವಿಲಿಯಂ ಟಿಲೆಟ್ ಗುರುತಿಸಿದ ಸ್ಟ್ರೆಪ್ಟೋಕೈನೇಸ್. ಗಂಟಲುನೋವು ತಂದು, ಕೆಲವು ಮಕ್ಕಳಲ್ಲಿ ಹೃದಯದ ಕವಾಟವನ್ನೇ ಕೆಡಿಸುವ ಸ್ಟ್ರೆಪ್ಟೋಕಾಕಸ್ ಕುಲದ್ದೇ ಸರಕು! 1988ರ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಸ್ಟ್ರೆಪ್ಟೋಕೈನೇಸನ್ನೂ ಆಸ್ಪಿರಿನ್ನನ್ನೂ ಸೇರಿಸಿ ಕೊಟ್ಟಾಗ ಐದು ವಾರಗಳಲ್ಲಿ ಸತ್ತವರು ನೂರಕ್ಕೆ 8. ಎರಡನ್ನೂ ಕೊಡದವರಲ್ಲಿ 13. ಆ ಪುಟ್ಟ ಆಸ್ಪಿರಿನ್ ಒಂದೇ ಸುಮಾರು ಕಾಲುಭಾಗ ಸಾವು ತಪ್ಪಿಸಿತ್ತು.

ಬಲೂನು ಮತ್ತು ಸ್ಟೆಂಟಿನ ಕಥೆ ನಿಮಗೆ ಗೊತ್ತಿರುವುದೇ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳದೊಳಗೆ ಬಲೂನು ಹಿಗ್ಗಿಸಿದರು, 1986ರಲ್ಲಿ ಸ್ಟೆಂಟ್ ಬಂತು. ಎರಡು ಗಂಟೆಯೊಳಗೆ ಹೀಗೆ ಬಲೂನಿನಿಂದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡುವ ಕಡೆ ಮುಟ್ಟಬಹುದಾದರೆ ಅದೇ ಒಳ್ಳೆಯದು. ಆದರೆ ಮಲೆನಾಡಿನ ತಿರುವು ರಸ್ತೆಯಲ್ಲಿ ರಾತ್ರಿ ಹೊತ್ತು ಅದು ಆಗುವ ಮಾತೇ? ಹತ್ತಿರದಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಹಾಕಿಸಿಕೊಂಡು ಆಮೇಲೆ ದೊಡ್ಡಾಸ್ಪತ್ರೆಗೆ ಹೊರಡಬೇಕು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಅಂಥದೇ ಮದ್ದಾದ ಟೆನೆಕ್ಟೆಪ್ಲೇಸ್ ಉಚಿತ. ಒಂದೇ ಸೂಜಿ, ಕೆಲವೇ ಸೆಕೆಂಡು. ಮಿದುಳಿನಲ್ಲಿ ರಕ್ತಸ್ರಾವವಾಗುವ ಸಣ್ಣ ಅಪಾಯ ಇದ್ದೇ ಇದೆ, ಆದ್ದರಿಂದ ಕೆಲವರಿಗೆ ಇದನ್ನು ಕೊಡುವಂತಿಲ್ಲ. ವಾಟ್ಸಾಪಿನಲ್ಲಿ ತಿರುಗುವ ‘ನಾಲಗೆ ಕೆಳಗಿನ ಮಾತ್ರೆ’ಯನ್ನು ಮಾತ್ರ ವೈದ್ಯರನ್ನು ಕೇಳದೆ ಇಟ್ಟುಕೊಳ್ಳಬೇಡಿ. ಆ ರೈತರಿಗಾದಂಥ, ತಳಭಾಗದ ಹೃದಯಾಘಾತದಲ್ಲಿ ಅದು ಬಿಪಿಯನ್ನು ಪಾತಾಳಕ್ಕೆ ಇಳಿಸಬಹುದು.

ಆ ರೈತರ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆಸ್ಪಿರಿನ್ ಅಗಿಯಲು ಕೊಟ್ಟೆವು. ಸ್ಟ್ರೆಪ್ಟೋಕೈನೇಸ್ ನಮ್ಮಲ್ಲಿರಲಿಲ್ಲ. ಅಳಿಯ ಪೇಟೆಗೆ ಓಡಿ, ಔಷಧದ ಅಂಗಡಿಯವನನ್ನು ಎಬ್ಬಿಸಿ ತಂದ. 15 ಲಕ್ಷ ಯೂನಿಟ್, ಒಂದು ಗಂಟೆಯ ಡ್ರಿಪ್. ಮುಕ್ಕಾಲು ಗಂಟೆಯಾಗಿರಬೇಕು, ಮಾನಿಟರಿನಲ್ಲಿ ಬಡಿತ ಒಮ್ಮೆಲೇ ಲಯ ತಪ್ಪಿ ಅಡ್ಡಾದಿಡ್ಡಿಯಾಯಿತು. ನರ್ಸ್ ಗಾಬರಿಯಾದರು. ನಾನು ಕಾದೆ, ನಾಳ ತೆರೆದಾಗ ಹೀಗಾಗುವುದುಂಟು. ಹತ್ತು ನಿಮಿಷದಲ್ಲಿ ಲಯ ಕೂಡಿತು, ಹಿಣಿಲು ಇಳಿಯತೊಡಗಿತು. ಅವರು ಕಣ್ಣು ಬಿಟ್ಟು ಉದ್ದಕ್ಕೆ ಉಸಿರೆಳೆದು, ಹೆಂಡತಿಯ ಕಡೆ ತಿರುಗಿದರು.

“ನೋಡಿದ್ಯಾ, ಸೋಡಾ ಈಗ ಕೆಲಸ ಮಾಡ್ತು.”