ಈ ಶುಕ್ರವಾರ ‘ಗುಡ್’ ಹೇಗೆ?

(ಶುಭ ಶುಕ್ರವಾರದ ಪ್ರಬೋಧನೆ)



ಕೆಲವು ವರ್ಷಗಳ ಹಿಂದೆ ಪವಿತ್ರ ವಾರದ ಬುಧವಾರ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆವು. ಆ ಮನೆಯ ಒಬ್ಬನೇ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡು ಹದಿನೈದು ದಿನವಾಗಿತ್ತು. ಪ್ರಾರ್ಥನೆ ಮುಗಿಸಿ ಏಳುವಾಗ ತಾಯಿ ಕೇಳಿದರು: “ಸ್ವಾಮಿ, ನಾಡಿದ್ದು ಗುಡ್ ಫ್ರೈಡೆ ಅಂತಾರೆ. ತಾಯಿಯ ಕಣ್ಣೆದುರೇ ಮಗ ಸತ್ತ ದಿನ ಅದು. ಅದರಲ್ಲಿ ಗುಡ್ ಏನು ಬಂತು?”

ನಮಗೆ ಉತ್ತರ ಹೊಳೆಯಲಿಲ್ಲ. ಆಶೀರ್ವದಿಸಿ ಹೊರಟು ಬಂದೆವು. ಪ್ರಶ್ನೆ ಮಾತ್ರ ನಮ್ಮ ಜೊತೆಗೇ ಬಂತು. ಇಂದು ಶಿಲುಬೆಯ ಮುಂದೆ ಅದನ್ನೇ ನಿಮ್ಮೊಂದಿಗೆ ಧ್ಯಾನಿಸಲು ಬಯಸುತ್ತೇವೆ.

‘ಗುಡ್’ ಎಂಬುದು ಇಂಗ್ಲಿಷ್ ಬಾರದವರಿಗೂ ಗೊತ್ತಿರುವ ಪದ. ಬೆಳಿಗ್ಗೆ ಗುಡ್ ಮಾರ್ನಿಂಗ್, ರಾತ್ರಿ ಗುಡ್ ನೈಟ್. ಮಗುವಿನ ನೋಟ್‌ಬುಕ್ಕಿನಲ್ಲಿ ಟೀಚರು ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದರೆ ಮನೆಮಂದಿಗೆಲ್ಲ ಹಿಗ್ಗು. ಸರಕು ಹೊತ್ತು ಹೋಗುವ ರೈಲು ಗೂಡ್ಸ್ ಗಾಡಿ. ಹಿತವಾದದ್ದು, ಮೆಚ್ಚಿಗೆಯಾದದ್ದು, ಕೈಗೆ ಸಿಕ್ಕ ಸೊತ್ತು, ಇವೆಲ್ಲಾ ನಮಗೆ ಗುಡ್. ಅದಕ್ಕೇ ಈ ದಿನ ‘ಹ್ಯಾಪಿ ಗುಡ್ ಫ್ರೈಡೆ’ ಎಂದು ಮೊಬೈಲಿನಲ್ಲಿ ಸಂದೇಶ ಕಳುಹಿಸುವವರಿದ್ದಾರೆ. ಅವರನ್ನು ನೋಡಿ ನಗುವುದು ಬೇಡ. ಆ ಪದಕ್ಕೆ ಅವರು ಬಲ್ಲ ಅರ್ಥ ಅದೊಂದೇ.

ನೆರೆಹೊರೆಯ ಭಾಷೆಗಳವರು ಈ ದಿನವನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಮಲಯಾಳಿಗಳಿಗೆ ಇದು ದುಃಖ ವೆಳ್ಳಿ. ತಮಿಳರಿಗೆ ಪೆರಿಯ ವೆಳ್ಳಿ, ಅಂದರೆ ದೊಡ್ಡ ಶುಕ್ರವಾರ. ಜರ್ಮನರ ಹೆಸರಿಗೆ ಪ್ರಲಾಪದ ಶುಕ್ರವಾರ ಎಂಬ ಅರ್ಥವಿದೆ. ಇಟಲಿ, ಸ್ಪೇನ್ ದೇಶದವರು ಪವಿತ್ರ ಶುಕ್ರವಾರ ಎನ್ನುತ್ತಾರೆ. ಕನ್ನಡದಲ್ಲಿ ನಮಗೆ ಇದು ಶುಭ ಶುಕ್ರವಾರ. ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸುವ ‘ಶುಭ’ವನ್ನೇ ಪ್ರಭುವಿನ ಮರಣದ ದಿನಕ್ಕೂ ಇಟ್ಟಿದ್ದೇವೆ. ಇದು ತಪ್ಪೇ?

ತಪ್ಪಲ್ಲ. ಇಂಗ್ಲಿಷಿನಲ್ಲಿ ಗುಡ್ ಎಂಬ ಪದಕ್ಕೆ ‘ಪವಿತ್ರವಾದ’ ಎಂಬ ಹಳೆಯ ಅರ್ಥ ಉಂಟು. ಪವಿತ್ರ ವಾರದ ಬುಧವಾರವನ್ನೂ ಹಿಂದೆ ಗುಡ್ ವೆಡ್ನೆಸ್‌ಡೇ ಎನ್ನುತ್ತಿದ್ದರು. ಬೈಬಲ್ಲಿಗೆ ಇಂದಿಗೂ ಗುಡ್ ಬುಕ್ ಎಂಬ ಹೆಸರಿದೆ. ‘ಗಾಡ್ಸ್ ಫ್ರೈಡೆ’ಯೇ ಗುಡ್ ಫ್ರೈಡೆ ಆಯಿತೆಂದು ಕೆಲವರು ಹೇಳುತ್ತಾರೆ, ಭಾಷಾ ಪಂಡಿತರು ಅದನ್ನು ಒಪ್ಪುವುದಿಲ್ಲ. ಆದರೆ ಗುಡ್‌ಬೈ ವಿಷಯದಲ್ಲಿ ಹಾಗೇ ಆಗಿದೆ. ದೇವರು ನಿಮ್ಮ ಸಂಗಡ ಇರಲಿ ಎಂಬ ಇಂಗ್ಲಿಷ್ ಹಾರೈಕೆಯೇ ಬಾಯಿಂದ ಬಾಯಿಗೆ ಸವೆದು ಗುಡ್‌ಬೈ ಆಯಿತು. ನಾವು ಬಸ್ಸಿನ ಕಿಟಕಿಯಿಂದ ಕೈಬೀಸಿ ಹೇಳುವ ಆ ಮಾತಿನೊಳಗೆ ದೇವರ ಹೆಸರಿದೆ.

ಇನ್ನೆರಡು ಬಳಕೆಗಳನ್ನು ಗಮನಿಸಿ. ವ್ಯಾಪಾರದಲ್ಲಿ ನಷ್ಟವನ್ನು ‘ಮೇಕ್ ಗುಡ್’ ಮಾಡುವುದೆಂದರೆ, ಆದ ನಷ್ಟವನ್ನು ತುಂಬಿಕೊಡುವುದು. ಪಾಪದ ಸಾಲ ಮಾಡಿದವರು ನಾವು. ತಮ್ಮ ರಕ್ತದಿಂದ ಅದನ್ನು ತುಂಬಿಕೊಟ್ಟವರು ಪ್ರಭು. ‘ಫಾರ್ ಗುಡ್’ ಎಂದರೆ ಎಂದೆಂದಿಗೂ. ಒಬ್ಬನು ಫಾರ್ ಗುಡ್ ಹೋದ ಎಂದರೆ ಮತ್ತೆ ಬರುವುದಿಲ್ಲ ಎಂದರ್ಥ. ಪ್ರಭು ಹಾಗೆ ಹೋಗಿಬಿಟ್ಟರೆಂದು ಆ ಶುಕ್ರವಾರ ಶಿಷ್ಯರು ಎಣಿಸಿದರು. ಆದರೆ ಮೂರನೆಯ ದಿನ ಸೋತದ್ದು ಮರಣ. ಪ್ರಭುವಿನ ಮೇಲೆ ಅದಕ್ಕೆ ಇನ್ನೆಂದೂ ಅಧಿಕಾರವಿಲ್ಲ.

ಹಾಗಾದರೆ ಆ ತಾಯಿಗೆ ಏನು ಹೇಳಬೇಕಿತ್ತು? ಮಗನ ಸಾವನ್ನು ಒಳ್ಳೆಯದೆಂದು ಒಪ್ಪಿಕೋ ಎಂದು ಧರ್ಮಸಭೆ ಯಾರಿಗೂ ಹೇಳುವುದಿಲ್ಲ. ಶಿಲುಬೆಯ ಬುಡದಲ್ಲಿ ನಿಂತಿದ್ದ ಮಾತೆ ಮರಿಯಮ್ಮನವರ ಬಾಯಲ್ಲಿ ಶುಭ ಎಂಬ ಮಾತನ್ನು ಶುಭಸಂದೇಶವೂ ಇಟ್ಟಿಲ್ಲ. ಅವರು ನಿಂತಿದ್ದರು, ಅಷ್ಟೇ. ಈ ಹೆಸರು ಭಾನುವಾರದ ಬರಿದಾದ ಸಮಾಧಿಯನ್ನು ನಂಬಿದವರು ಇಟ್ಟದ್ದು. ಶುಕ್ರವಾರದ ಕತ್ತಲಲ್ಲಿ ನಿಂತವರನ್ನು ಅವಸರ ಮಾಡುವ ಹಕ್ಕು ನಮಗಿಲ್ಲ.

ಆದರೆ ಆ ಶುಕ್ರವಾರವೂ ಒಬ್ಬನನ್ನು ಸಂತ ಲೂಕ ಒಳ್ಳೆಯವನು, ನೀತಿವಂತನು ಎಂದು ಕರೆಯುತ್ತಾರೆ (ಲೂಕ 23:50). ಆತ ಅರಿಮತಾಯದ ಜೋಸೆಫ. ನ್ಯಾಯಸಭೆಯ ಸದಸ್ಯನಾಗಿದ್ದರೂ ಆ ತೀರ್ಪಿಗೆ ಒಪ್ಪಿರಲಿಲ್ಲ. ಅಲ್ಲಿಯವರೆಗೆ ಭಯದಿಂದ ಗುಟ್ಟಿನ ಶಿಷ್ಯನಾಗಿದ್ದವನು, ಅಂದು ಧೈರ್ಯ ಮಾಡಿ ಪಿಲಾತನ ಬಳಿ ಹೋಗಿ ಪ್ರಭುವಿನ ದೇಹವನ್ನು ಕೇಳಿದ. ಶವ ಮುಟ್ಟಿದವನಿಗೆ ಏಳು ದಿನ ಮೈಲಿಗೆ ಎಂದು ಧರ್ಮಶಾಸ್ತ್ರ ಹೇಳುತ್ತಿತ್ತು (ಸಂಖ್ಯಾಕಾಂಡ 19:11). ಹಬ್ಬ ಬಾಗಿಲಲ್ಲಿತ್ತು. ಆದರೂ ಆತ ಮುಟ್ಟಿದ, ಇಳಿಸಿದ, ನಾರುಮಡಿಯಲ್ಲಿ ಸುತ್ತಿದ, ತನಗೆಂದು ತೋಡಿಸಿಕೊಂಡಿದ್ದ ಹೊಸ ಸಮಾಧಿಯನ್ನೇ ಬಿಟ್ಟುಕೊಟ್ಟ. ಶಿಲುಬೆಯನ್ನು ತಪ್ಪಿಸಲು ಆತನಿಂದ ಆಗಲಿಲ್ಲ. ಕೈಲಾದದ್ದನ್ನು ಬಿಡಲಿಲ್ಲ. ಅದಕ್ಕೇ ಒಳ್ಳೆಯವನು.

ಈಗ ಆ ಮನೆಯನ್ನು ನೆನೆದರೆ ನಮಗೆ ಆಗ ಕಾಣದಿದ್ದದ್ದು ಕಾಣುತ್ತದೆ. ರಾತ್ರಿಯಿಡೀ ಶವಾಗಾರದ ಮುಂದೆ ಕಾದು ಹುಡುಗನ ದೇಹವನ್ನು ಮನೆಗೆ ತಂದವರು ನಮ್ಮ ಧರ್ಮಕೇಂದ್ರದ ಯುವಕರು. ಅಷ್ಟು ದಿನವೂ ಗಂಜಿ, ಅನ್ನ ತಂದು ಬಡಿಸಿದವರು ಪಕ್ಕದ ಮನೆಯವರು. ಅವರು ಕ್ರೈಸ್ತರೂ ಅಲ್ಲ. ತಾಯಿ ಕೇಳಿದ ಪ್ರಶ್ನೆಗೆ ನಾವು ಮಾತು ಹುಡುಕುತ್ತಿದ್ದಾಗ, ಅವರು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

ಪ್ರಿಯರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವೆಲ್ಲರೂ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುತ್ತೇವೆ. ಮುತ್ತಿಟ್ಟ ಮೇಲೆ ಮನೆಗೆ ಹೋಗುವ ದಾರಿಯಲ್ಲಿ, ಈ ವರ್ಷ ಸಾವು ಕಂಡ ಒಂದು ಮನೆಯ ಬಾಗಿಲನ್ನು ತಟ್ಟೋಣ. ಸಮಾಧಾನದ ಮಾತು ತೋಚದಿದ್ದರೆ ಸುಮ್ಮನೆ ಕುಳಿತು ಬರೋಣ. ಆ ಮನೆಯವರಿಗೆ ಈ ಶುಕ್ರವಾರ ಒಂದಿಷ್ಟಾದರೂ ಶುಭವಾಗಲಿ.

ಪ್ರಭು ನಿಮ್ಮೆಲ್ಲರ ಸಂಗಡ ಇರಲಿ. ಆಮೆನ್.